ಕೋಡಿನಿಂದ ಚಿತ್ರಕ್ಕೆ

ಪ್ರಥಮ ಪಿಯುಸಿಯಲ್ಲಿ ನಮಗೆ ಕಲಿಸುವ ಕ್ರಮ ನಿಮಗೆಲ್ಲ ಗೊತ್ತು: ಮೊದಲು ಫ್ಲೋಚಾರ್ಟ್ ಬಿಡಿಸಬೇಕು, ಆಮೇಲೆ ಪ್ರೋಗ್ರಾಂ ಬರೆಯಬೇಕು. ನಮ್ಮ ಲೈಬ್ರರಿಯ ಪ್ರೋಗ್ರಾಂ ವಿಷಯದಲ್ಲಿ ಇದು ತಿರುವುಮುರುವಾಯಿತು. ಸೀನಿಯರ್‌ಗಳು ಪೈಥಾನ್‌ನಲ್ಲಿ ಬರೆದಿಟ್ಟು ಹೋದ ಸುಮಾರು 700 ಸಾಲುಗಳಿವೆ. ಚಿತ್ರವಿಲ್ಲ, ವಿವರಣೆಯೂ ಇಲ್ಲ. ಪರೀಕ್ಷೆ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ದಂಡ ಬೀಳದಂತೆ ಅದನ್ನು ಬದಲಿಸುವ ಕೆಲಸ ನನಗೂ ಇಬ್ಬರು ಗೆಳೆಯರಿಗೂ ಬಂತು. ಎಲ್ಲರ ಪುಸ್ತಕದ ಲೆಕ್ಕ ಅದರಲ್ಲೇ ಇರುವುದರಿಂದ ಕುರುಡಾಗಿ ಕೈ ಹಾಕುವಂತಿರಲಿಲ್ಲ.

ಹೀಗೆ ಕೋಡಿನಿಂದ ಹಿಂದಕ್ಕೆ ಹೋಗಿ ಅದರ ನಕ್ಷೆ ಕಂಡುಕೊಳ್ಳುವುದಕ್ಕೆ ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಹೆಸರು ಕೇಳಿ ಹ್ಯಾಕಿಂಗ್ ಎಂದುಕೊಳ್ಳಬೇಡಿ. ಇಲ್ಲಿ ಒಡೆಯಲು ಬೀಗವೇ ಇಲ್ಲ.

ನಾವು ಬಳಸಿದ್ದು ಪೈರಿವರ್ಸ್ ಎಂಬ ಉಚಿತ ಸಾಧನ. ಪೈಲಿಂಟ್ ಹಾಕಿಕೊಂಡರೆ ಇದು ಜೊತೆಯಲ್ಲೇ ಬರುತ್ತದೆ. ಇದು ಪ್ರೋಗ್ರಾಂ ಅನ್ನು ಓಡಿಸುವುದಿಲ್ಲ, ಓದುತ್ತದೆ ಅಷ್ಟೆ. ಕನ್ನಡ ವ್ಯಾಕರಣದಲ್ಲಿ ನಾವು ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯಾಪದ ಎಂದು ಬಿಡಿಸುತ್ತೇವಲ್ಲ, ಹಾಗೆಯೇ ಕೋಡನ್ನು ಬಿಡಿಸಿ ಮರದಂತೆ ಜೋಡಿಸಿಕೊಳ್ಳುತ್ತದೆ. ಅದರಿಂದ ಕ್ಲಾಸ್‌ಗಳನ್ನು, ಅವುಗಳೊಳಗಿನ ಫಂಕ್ಷನ್‌ಗಳನ್ನು ಹೆಕ್ಕುತ್ತದೆ. ಯಾವ ಪೆಟ್ಟಿಗೆ ಎಲ್ಲಿರಬೇಕು, ಬಾಣ ಎಲ್ಲಿ ಹಾಯಬೇಕು ಎಂದು ಲೆಕ್ಕ ಹಾಕಿ ಬಿಡಿಸುವುದು ಗ್ರಾಫ್‌ವಿಜ್ ಎಂಬ ಇನ್ನೊಂದು ಸಾಧನ. ಈ ಪೆಟ್ಟಿಗೆ ಬಾಣಗಳ ಭಾಷೆಗೆ ಯುಎಂಎಲ್ ಎಂದು ಹೆಸರು. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಅದನ್ನು ಅಂಗೀಕರಿಸಿತು.

ಚಿತ್ರ ಬಂದ ಕೂಡಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. 'ಸದಸ್ಯ' ಎಂಬ ಕ್ಲಾಸ್‌ನಿಂದ 'ವಿದ್ಯಾರ್ಥಿ', 'ಉಪನ್ಯಾಸಕ' ಎಂಬ ಎರಡು ಹುಟ್ಟಿವೆ. ಟೊಳ್ಳು ತ್ರಿಕೋನದ ಬಾಣ ತೋರಿಸುವುದು ಈ ಇನ್ಹೆರಿಟೆನ್ಸನ್ನೇ. ದಂಡ ಲೆಕ್ಕ ಹಾಕುವ ಫಂಕ್ಷನ್ 'ಸದಸ್ಯ'ದಲ್ಲಿದೆ, 'ವಿದ್ಯಾರ್ಥಿ' ಪೆಟ್ಟಿಗೆಯಲ್ಲಿ ಅದೇ ಹೆಸರಿನಲ್ಲಿ ಮತ್ತೊಮ್ಮೆ ಇದೆ. ಅಂದರೆ ಮೇಲಿನದನ್ನು ಮಾತ್ರ ತಿದ್ದಿದ್ದರೆ ರಿಯಾಯಿತಿ ಉಪನ್ಯಾಸಕರಿಗೆ ಸಿಗುತ್ತಿತ್ತು, ವಿದ್ಯಾರ್ಥಿಗಳು ದಂಡ ಕಟ್ಟುತ್ತಲೇ ಇರುತ್ತಿದ್ದರು! ಎರಡು ಫಂಕ್ಷನ್‌ಗಳ ನಡುವೆ ಮುನ್ನೂರು ಸಾಲುಗಳ ಅಂತರವಿದೆ. ಸಾಲು ಸಾಲಾಗಿ ಓದುತ್ತಾ ಇದನ್ನು ಹಿಡಿಯುವುದು ಸುಲಭವಲ್ಲ.

ಹಾಗೆಂದು ಚಿತ್ರವನ್ನು ಪೂರ್ತಿ ನಂಬುವಂತಿಲ್ಲ. 'ಎರವಲು' ಕ್ಲಾಸ್‌ಗೂ 'ಸದಸ್ಯ'ಕ್ಕೂ ನಡುವೆ ಬಾಣವೇ ಬರಲಿಲ್ಲ. ಸದಸ್ಯನಿಲ್ಲದೆ ಎರವಲು ಎಲ್ಲಿಂದ? ಕಾರಣ ಪೈಥಾನ್‌ನ ಸ್ವಭಾವದಲ್ಲಿದೆ. ಅದರಲ್ಲಿ ವೇರಿಯಬಲ್ ಯಾವ ಬಗೆಯದು ಎಂದು ಬರೆಯಲೇಬೇಕೆಂಬ ನಿಯಮವಿಲ್ಲ. ಸದಸ್ಯನನ್ನು ಹೊರಗಿನಿಂದ ಪ್ಯಾರಾಮೀಟರ್ ಆಗಿ ಕಳಿಸಿದ್ದರಿಂದ, ಓಡಿಸದೆ ಬರೀ ಓದುವ ಸಾಧನಕ್ಕೆ ಅದು ಏನೆಂದು ತಿಳಿಯಲಿಲ್ಲ. ಪ್ಯಾರಾಮೀಟರ್ ಮುಂದೆ ಬಗೆಯ ಹೆಸರು ಸೇರಿಸಿದೆವು, ಬಾಣ ಬಂತು. ಸಿ++ನಲ್ಲಿ ಸಾಮಾನ್ಯವಾಗಿ ಬಗೆಯನ್ನು ಹೇಳಬೇಕಾದ್ದರಿಂದ ಈ ತೊಂದರೆ ಕಡಿಮೆ. ಆ ಭಾಷೆಗೆ ಡಾಕ್ಸಿಜನ್ ಎಂಬ ಸಾಧನವಿದೆ. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂಬುದನ್ನೂ ಅದು ಗ್ರಾಫ್‌ವಿಜ್ ನೆರವಿನಿಂದ ಬಿಡಿಸಿಕೊಡುತ್ತದೆ.

ಇನ್ನೊಂದು ಮಾತು: ದೊಡ್ಡ ಪ್ರೋಗ್ರಾಂ ಪೂರ್ತಿ ಒಂದೇ ಚಿತ್ರದಲ್ಲಿ ಬೇಕೆಂದರೆ ನೂಡಲ್ಸ್ ತಟ್ಟೆಯಂತೆ ಕಾಣುತ್ತದೆ. ಬೇಕಾದ ಕ್ಲಾಸ್ ಒಂದನ್ನು ಹೆಸರಿಸಿ, ಅದರ ಸುತ್ತಲಿನದನ್ನಷ್ಟೇ ಕೇಳುವುದು ಮೇಲು.

ಚಿತ್ರದಿಂದ ಬಗೆಹರಿಯದ ಪ್ರಶ್ನೆ ಒಂದು ಉಳಿಯಿತು. ದಂಡದ ಲೆಕ್ಕದಲ್ಲಿ ಎಲ್ಲರಿಗೂ ಎರಡು ದಿನ ಬಿಟ್ಟುಕೊಡಲಾಗಿದೆ. ಏಕೆ? ಕೋಡ್ ಬರೆದವರಲ್ಲಿ ಒಬ್ಬರಾದ ಸೀನಿಯರ್ ಅಣ್ಣನಿಗೆ ಫೋನ್ ಮಾಡಿದೆವು. ಆಗ ಲೈಬ್ರರಿ ವಾರಕ್ಕೆ ಎರಡು ದಿನ ಮುಚ್ಚಿರುತ್ತಿತ್ತಂತೆ. ಈಗ ಒಂದೇ ದಿನ ರಜೆ. ಆ ಎರಡನ್ನು ಒಂದು ಮಾಡುವುದೋ ಹಾಗೇ ಬಿಡುವುದೋ ಲೈಬ್ರರಿ ಸರ್ ಹೇಳಬೇಕು; ಕಾರಣವನ್ನು ಮಾತ್ರ ಆ ಸಾಲಿನ ಪಕ್ಕದಲ್ಲೇ ಕಾಮೆಂಟ್ ಆಗಿ ಬರೆದಿಟ್ಟಿದ್ದೇವೆ.