ಕುಂಬಳಕಾಯಿ ಕೇಳಿದ ಮೇಷ್ಟ್ರು

ಮಕ್ಕಳೇ, ಓದಲು ಬೆಂಗಳೂರಿಗೆ ಹೋಗಬೇಕು, ಕೈಯಲ್ಲಿ ಕಾಸಿಲ್ಲ. ಆಗ ನೀವೇನು ಮಾಡುತ್ತೀರಿ? 1935ರಲ್ಲಿ ಗೌರಿಬಿದನೂರು ಬಳಿಯ ಹೊಸೂರಿನ ಬಡ ಹುಡುಗನೊಬ್ಬ ನಡೆದೇ ಹೊರಟ. ಸುಮಾರು 85 ಕಿಲೋಮೀಟರ್ ದಾರಿ, ಎರಡು ದಿನದ ನಡಿಗೆ. ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಆ ಹುಡುಗನೇ ಮುಂದೆ ನಾಡೆಲ್ಲ 'ಎಚ್ಚೆನ್' ಎಂದು ಕರೆದ ಡಾ. ಎಚ್. ನರಸಿಂಹಯ್ಯ.

ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದವರು ಈ ವಿದ್ಯಾರ್ಥಿಯೇ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲು ಕಂಡರು. ಆಮೇಲೆ ಎಂ.ಎಸ್ಸಿ. ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದ ಡಾಕ್ಟರೇಟ್ ಪಡೆದರು. ಅಲ್ಲೇ ನಿಲ್ಲಲಿಲ್ಲ, ಅದೇ ಕಾಲೇಜಿಗೆ ಮರಳಿ ಪ್ರಿನ್ಸಿಪಾಲರಾದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಖಾದಿ ಜುಬ್ಬ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೊಠಡಿ. ಅಷ್ಟೇ ಅವರ ಸಂಸಾರ.

ವಿಜ್ಞಾನ ಪ್ರಯೋಗಶಾಲೆಯೊಳಗೇ ಉಳಿದರೆ ಜನರಿಗೇನು ಲಾಭ? ಅದಕ್ಕಾಗಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ವಾರವಾರವೂ ಅಲ್ಲಿ ವಿಜ್ಞಾನಿಗಳ ಉಪನ್ಯಾಸ. ಯಾರು ಬೇಕಾದರೂ ಬಂದು ಕೇಳಬಹುದಿತ್ತು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಬರಿಗೈಯಿಂದ ಉಂಗುರ, ವಿಭೂತಿ ಬರಿಸುತ್ತಾರೆಂದು ಹೆಸರಾಗಿದ್ದ ಸತ್ಯ ಸಾಯಿಬಾಬಾ ಅವರಿಗೆ, ಪರೀಕ್ಷೆಗೆ ಅವಕಾಶ ಕೊಡಿ ಎಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಉಂಗುರ ಬೇಡ, ಒಂದು ಕುಂಬಳಕಾಯಿ ಬರಿಸಿ ತೋರಿಸಲಿ ಎಂಬುದು ಎಚ್ಚೆನ್ ಸವಾಲು. ಜನ ನಕ್ಕರು, ಕೆಲವರು ಸಿಟ್ಟಾದರು. ಆದರೆ ಯೋಚಿಸಿ ನೋಡಿ: ಉಂಗುರವನ್ನು ಬೆರಳ ಸಂದಿಯಲ್ಲಿ ಬಚ್ಚಿಡಬಹುದು, ಕುಂಬಳಕಾಯಿಯನ್ನು ಎಲ್ಲಿ ಬಚ್ಚಿಡುವುದು? ಕೈಚಳಕಕ್ಕೆ ಜಾಗವೇ ಇಲ್ಲದ ಪರೀಕ್ಷೆ ಹುಡುಕುವುದೇ ವಿಜ್ಞಾನದ ದಾರಿ.

1984ರಲ್ಲಿ ಪದ್ಮಭೂಷಣ ಬಂತು. 'ಹೋರಾಟದ ಹಾದಿ' ಅವರ ಆತ್ಮಕಥೆ. 2005ರ ಜನವರಿ 31ರಂದು ತೀರಿಕೊಂಡರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂಬುದು ಅವರು ಕೊನೆತನಕ ಕಲಿಸಿದ ಪಾಠ.

ಅಜ್ಜ-ಅಜ್ಜಿಯರೇ, ಈ ಪಾಠ ನಮಗೂ ಇದೆ. ಮೊಮ್ಮಗು 'ಯಾಕೆ?' ಎಂದಾಗ 'ದೊಡ್ಡವರಿಗೆ ಎದುರು ಮಾತಾಡಬೇಡ' ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಪ್ರಶ್ನೆ ಅಗೌರವವಲ್ಲ. ಉತ್ತರ ಗೊತ್ತಿಲ್ಲದಿದ್ದರೆ 'ಬಾ, ಇಬ್ಬರೂ ನೋಡೋಣ' ಎನ್ನಬಹುದಲ್ಲ?

ನೋಡಲು ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ನಮ್ಮ ಮಂಡಗದ್ದೆಯ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ದಡದಲ್ಲಿ ಅಷ್ಟು ಮರಗಳಿದ್ದರೂ ನೀರಿನ ನಡುವಿನ ಮರವೇ ಏಕೆ? ಮೀನು ಹತ್ತಿರ ಎಂದೋ, ಹಾವು-ಬೆಕ್ಕುಗಳ ಕಾಟ ಕಡಿಮೆ ಎಂದೋ? ಮಕ್ಕಳೇ, ಮೊದಲು ನಿಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಅಜ್ಜನ ಜೊತೆ ದಡದಲ್ಲಿ ನಿಂತು, ಹಕ್ಕಿ ಎಲ್ಲಿಗೆ ಹೋಗುತ್ತದೆ, ಏನು ತರುತ್ತದೆ ಎಂದು ದಿನವೂ ಗುರುತು ಹಾಕಿ. ಊಹೆ ತಪ್ಪಾದರೆ ಬೇಸರ ಬೇಡ, ಅದನ್ನೂ ಬರೆದಿಡಿ.