ಕುಗ್ಗದ ನೀರು, ಕುಗ್ಗುವ ಕಲ್ಲಿದ್ದಲು

ಘಟಪ್ರಭಾ ನದಿಯು ಗೋಕಾಕದ ಸಮೀಪದಲ್ಲಿ ಕುದುರೆ ಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರುಗಳಷ್ಟು ಕೆಳಕ್ಕೆ ಧುಮುಕುವ ಸ್ಥಳದಲ್ಲಿಯೇ 1885ರಲ್ಲಿ ನೂಲಿನ ಗಿರಣಿಯೊಂದು ಸ್ಥಾಪಿತವಾದುದಕ್ಕೆ ಆ ಜಲರಾಶಿಯ ಶಕ್ತಿಯೇ ಕಾರಣವೆಂಬುದನ್ನು ಗೋಕಾಕ ಫಾಲ್ಸಿನ ನಿವಾಸಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ದೂರದಿಂದ ಬರುವ ಇದ್ದಲು ದುಬಾರಿಯಾಗಿದ್ದ ಕಾಲದಲ್ಲಿ, ಬೀಳುವ ನೀರಿನಿಂದಲೇ ಯಂತ್ರಗಳನ್ನು ತಿರುಗಿಸಬಹುದಾದ ಎಡೆಯು ಉದ್ಯಮಿಗೆ ದೈವದತ್ತವಾದ ಗಣಿಯಂತೆ ಕಂಡಿರಬೇಕು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿಯೂ ಈ ಸೀಮೆಗೆ ಬಂದು, ಹೊಗೆಯುಗುಳುವ ಎಂಜಿನ್ನುಗಳ ಮೂಲಕ ಕಲ್ಲಿದ್ದಲಿನ ಪರಿಚಯವನ್ನು ಊರವರಿಗೆ ಮಾಡಿಕೊಟ್ಟಿತು. ಜಲ, ಅಂಗಾರ ಎಂಬ ಈ ಎರಡು ಶಕ್ತಿಮೂಲಗಳನ್ನು ಮೇಜಿನ ಮೇಲಿನ ಕಿರುಜಗತ್ತಿಗೆ ಇಳಿಸಲು ಹೊರಟವನಿಗೆ ಎದುರಾಗುವ ಒಂದು ವಿಚಿತ್ರವಾದ ಭೌತನಿಯಮವೇ ಈ ಲೇಖನದ ವಿಷಯ.

ಕಿರುರೈಲು ಕಟ್ಟುವವರಲ್ಲಿ ಅತ್ಯಂತ ಪ್ರಚಲಿತವಾದ ಪ್ರಮಾಣ 1:87. ನಮ್ಮ ಪ್ರದೇಶದ ಆಸಕ್ತರು ಗೋಕಾಕ ರೋಡ್ ನಿಲ್ದಾಣದಲ್ಲಿ ಗಾಡಿ ಹತ್ತಿ, ಘಟಪ್ರಭಾ, ಕುಡಚಿ, ಮಿರಜಗಳನ್ನು ದಾಟಿ ಪುಣೆಗೆ ಹೋದರೆ, 1998ರಲ್ಲಿ ತೆರೆದ ಜೋಶಿಯವರ ಕಿರುರೈಲುಗಳ ಸಂಗ್ರಹಾಲಯವನ್ನು ನೋಡಬಹುದು. ಗೋಕಾಕದ ಬಣ್ಣದ ಮರದ ಬೊಂಬೆಗಳಿಗೂ ಈ ಪ್ರತಿಕೃತಿಗಳಿಗೂ ಒಂದು ಭೇದವುಂಟು: ಬೊಂಬೆ ಮಾಡುವವನು ತನ್ನ ಕಣ್ಣಿಗೆ ಹಿತವಾದಲ್ಲಿ ಉಬ್ಬಿಸಿ ತಗ್ಗಿಸುವ ಸ್ವಾತಂತ್ರ್ಯವನ್ನು ಉಳಿಸಿಕೊಂಡಿರುತ್ತಾನೆ, ಪ್ರತಿಕೃತಿಕಾರನು ಆ ಸ್ವಾತಂತ್ರ್ಯವನ್ನು ತ್ಯಜಿಸಿ, ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವ ವ್ರತವನ್ನು ಕೈಗೊಂಡಿರುತ್ತಾನೆ. ಆದರೆ ಪ್ರಕೃತಿಯು ಈ ಭಾಗಾಕಾರಕ್ಕೆ ಎಲ್ಲೆಡೆಯೂ ಸಮ್ಮತಿಸುವುದಿಲ್ಲ.

ಮೊದಲು ಜಲಪಾತವನ್ನೇ ತೆಗೆದುಕೊಳ್ಳೋಣ. 52 ಮೀಟರನ್ನು 87ರಿಂದ ಭಾಗಿಸಿದರೆ ಸುಮಾರು 60 ಸೆಂಟಿಮೀಟರ್ ಬರುತ್ತದೆ. ಅಷ್ಟೆತ್ತರದ ಬಂಡೆಯನ್ನು ಪ್ಲಾಸ್ಟರಿನಿಂದ ಮಾಡಿ ನೀರು ಹರಿಯಿಸುವುದು ಕಷ್ಟವೇನಲ್ಲ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಗೋಕಾಕದ ನಿಜವಾದ ಧಾರೆಯು ತಳವನ್ನು ಮುಟ್ಟಲು 3 ಸೆಕೆಂಡುಗಳಿಗಿಂತ ತುಸು ಹೆಚ್ಚು ಕಾಲ ಬೇಕು; ಆ ನಿಧಾನವೇ ಅದರ ಗಾಂಭೀರ್ಯ. ಮೇಜಿನ ಮೇಲಿನ ಧಾರೆಯಾದರೋ ಒಂದು ಸೆಕೆಂಡಿನ ಮೂರನೆಯ ಒಂದಂಶದಲ್ಲಿ ಬಿದ್ದು ಮುಗಿಯುತ್ತದೆ. ಗುರುತ್ವಾಕರ್ಷಣೆಯನ್ನು 87ರಿಂದ ಭಾಗಿಸುವ ಉಪಾಯ ಯಾರಲ್ಲಿಯೂ ಇಲ್ಲ. ಅದೂ ಅಲ್ಲದೆ, ನೀರಿನ ಹನಿಯ ಗಾತ್ರವನ್ನು ನಿರ್ಣಯಿಸುವುದು ಅದರ ಮೇಲ್ಮೈ ಎಳೆತ. ಮೂರು ಮಿಲಿಮೀಟರಿನ ಒಂದು ಹನಿಯು ಆ ಕಿರುಜಗತ್ತಿನ ನಿವಾಸಿಯ ಪಾಲಿಗೆ ಕಾಲು ಮೀಟರಿನಷ್ಟು ದಪ್ಪನಾದ ಗೋಳ. ಎಂತಲೇ ಬಲ್ಲವರು ಪಾರದರ್ಶಕ ರಾಳವನ್ನು ಎರೆದು ಜಲಪಾತವನ್ನು ನಿಶ್ಚಲವಾಗಿಯೇ ನಿಲ್ಲಿಸಿಬಿಡುತ್ತಾರೆ.

ಕಲ್ಲಿದ್ದಲಿನ ರೈಲಿನ ವಿಷಯ ಇದಕ್ಕೆ ತೀರ ವಿರುದ್ಧವಾದುದು. ಅದರ ಆಕರ್ಷಣೆಯ ಮರ್ಮವೂ ಅಲ್ಲಿಯೇ ಇದೆಯೆಂದು ನನ್ನ ದೃಢವಾದ ಅಭಿಪ್ರಾಯ.

ಬೆಳಗಾವಿಯಾಚೆಯ ಲೋಂಡಾದಿಂದ ಪಶ್ಚಿಮಕ್ಕೆ ತಿರುಗಿದರೆ ಕ್ಯಾಸಲ್ ರಾಕ್ ಸಿಗುತ್ತದೆ. ಅಲ್ಲಿಂದ ಕುಳೆಯವರೆಗೆ ಹಳಿಯು 37ಕ್ಕೆ 1ರ ಇಳಿಜಾರಿನಲ್ಲಿ, ದೂಧ್‌ಸಾಗರದ ಮುಂದಿನ ಸೇತುವೆಯ ಮೇಲೆ ಹಾದು, ಸಹ್ಯಾದ್ರಿಯನ್ನು ಇಳಿಯುತ್ತದೆ. ಮುರಗಾಂವ ಬಂದರಿನಲ್ಲಿ ಹಡಗುಗಳಿಂದ ಇಳಿದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ಸೇರಲು ಈ ಘಟ್ಟವನ್ನು ಹತ್ತಿಯೇ ಬರಬೇಕು. ಮುಂದೆ ಎಳೆಯುವ ಎಂಜಿನ್ನುಗಳು, ಹಿಂದಿನಿಂದ ನೂಕುವ ಬ್ಯಾಂಕರ್ ಎಂಜಿನ್ನುಗಳು, ನಡುವೆ ಒಂದೇ ಎತ್ತರದ, ಒಂದೇ ಬಣ್ಣದ, ತೆರೆದ ಬಾಯಿಯ ಬಾಕ್ಸ್-ಎನ್ ವ್ಯಾಗನ್ನುಗಳ ಸಾಲು. ಬಯಲಿನಲ್ಲಿ ಇಂತಹ ಒಂದು ಪೂರ್ಣ ರೇಕಿನಲ್ಲಿ, ಎಂದರೆ ಜೋಡಿಸಿದ ವ್ಯಾಗನ್ನುಗಳ ಸಾಲಿನಲ್ಲಿ, 58 ಅಥವಾ 59 ವ್ಯಾಗನ್ನುಗಳಿರುತ್ತವೆ. ಪ್ರತಿಯೊಂದರ ಉದ್ದ 10.7 ಮೀಟರ್, ಬರಿದಾದಾಗ ತೂಕ ಸುಮಾರು 22.5 ಟನ್, ತುಂಬಿದಾಗ ಸುಮಾರು 81 ಟನ್.

ಈ ಗಾಡಿಯನ್ನು 87ರಿಂದ ಭಾಗಿಸಿ ನೋಡೋಣ. ವ್ಯಾಗನ್ನಿನ ಉದ್ದ 12.3 ಸೆಂಟಿಮೀಟರ್, 59 ವ್ಯಾಗನ್ನುಗಳ ಸಾಲು ಸುಮಾರು ಏಳೂಕಾಲು ಮೀಟರ್. ಗಂಟೆಗೆ 40 ಕಿಲೋಮೀಟರ್ ವೇಗದ ಈ ಸಾಲು ಒಂದು ಕಂಬವನ್ನು ದಾಟಲು 57 ಸೆಕೆಂಡು ಹಿಡಿಯುತ್ತದೆ. ಪ್ರತಿಕೃತಿಯ ವೇಗವನ್ನೂ 87ರಿಂದ ಭಾಗಿಸಿ, ಸೆಕೆಂಡಿಗೆ 12.8 ಸೆಂಟಿಮೀಟರಿನಂತೆ ಓಡಿಸಿದರೆ, ಅದಕ್ಕೂ ಅದೇ 57 ಸೆಕೆಂಡು. ಬೀಳುವ ನೀರಿನ ಆತುರವನ್ನು ತಡೆಯಲಾರದ ನಾವು ವಿದ್ಯುತ್ ಮೋಟಾರಿನ ವೇಗವನ್ನು ಮಾತ್ರ ಇಚ್ಛೆಯಂತೆ ತಗ್ಗಿಸಬಲ್ಲೆವು. ಆದುದರಿಂದ ರೈಲ್ವೆ ಗೇಟಿನ ಬಳಿ ನಿಂತು ಗೂಡ್ಸ್ ಗಾಡಿಯ ಬಾಲ ಕಾಣುವವರೆಗೆ ಕಾದ ಆ ಒಂದು ನಿಮಿಷವು ಮೇಜಿನ ಮೇಲೆ ಕಿಂಚಿತ್ತೂ ಕುಗ್ಗದೆ, ಪೂರ್ಣವಾಗಿ ದೊರೆಯುತ್ತದೆ. ಪ್ಯಾಸೆಂಜರ್ ಗಾಡಿಯ ಏಳೆಂಟು ಡಬ್ಬಿಗಳಿಂದ ಈ ತೃಪ್ತಿ ಬಾರದು. ವ್ಯಾಗನ್ನುಗಳ ಏಕರೂಪತೆಯನ್ನು ಬೇಸರದ ಸಂಗತಿಯೆಂದು ಎಣಿಸುವವರು ತಾಳಮದ್ದಳೆಯ ಮದ್ದಳೆಯನ್ನೂ ಹಾಗೆಯೇ ಎಣಿಸಿಯಾರು. ಆವರ್ತನೆಯಲ್ಲಿಯೇ ಇಲ್ಲಿನ ಲಯವಿದೆ.

ಇನ್ನು ಹೇರಿನ ಮಾತು. ಕಿರುಜಗತ್ತಿನ ಮರಗಳು ಸ್ಪಂಜಿನವು, ಮನೆಗಳು ಪ್ಲಾಸ್ಟಿಕ್ಕಿನವು, ಮನುಷ್ಯರು ಅಚ್ಚಿನವರು. ಕಲ್ಲಿದ್ದಲು ಮಾತ್ರ ಕಲ್ಲಿದ್ದಲೇ. ಒಂಬತ್ತು ಸೆಂಟಿಮೀಟರಿನ ಹೆಂಟೆಯು ಈ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ಹರಳಾಗಬೇಕು. ಇದ್ದಲನ್ನು ಬಟ್ಟೆಯಲ್ಲಿ ಕಟ್ಟಿ ಸುತ್ತಿಗೆಯಿಂದ ಜಜ್ಜಿ ಜರಡಿ ಹಿಡಿದರೆ, ಆ ಹರಳಿಗೂ ಹೆಂಟೆಯಂತೆಯೇ ಚೂಪಾದ ಅಂಚುಗಳು, ಮಿರುಗುವ ಒಡಕು ಮುಖಗಳು ಇರುವುದನ್ನು ಕಾಣಬಹುದು. ಏಕೆಂದರೆ ಬಿರಿಯುವ ಪದಾರ್ಥವು ದೊಡ್ಡದಾಗಿ ಒಡೆದರೂ ಸಣ್ಣದಾಗಿ ಒಡೆದರೂ ಒಡೆಯುವ ರೀತಿ ಹೆಚ್ಚು ಬದಲಾಗದು. ಇದಕ್ಕಿಂತಲೂ ಸೋಜಿಗದ ಸಂಗತಿ ರಾಶಿಯ ಇಳಿಜಾರು. ಸುರಿದ ಇದ್ದಲು ಜಾರದೆ ನಿಲ್ಲುವ ಕೋನವು ಹರಳುಗಳ ಪರಸ್ಪರ ಘರ್ಷಣೆಯಿಂದ ನಿರ್ಧಾರವಾಗುವುದೇ ಹೊರತು ರಾಶಿಯ ಗಾತ್ರದಿಂದಲ್ಲ. ಹೀಗಾಗಿ ಬಂದರಿನಲ್ಲಿ ಬೆಟ್ಟದಂತೆ ನಿಂತ ರಾಶಿಯೂ ವ್ಯಾಗನ್ನಿನೊಳಗೆ ಚಮಚೆಯಿಂದ ಸುರಿದ ಹಿಡಿಯಷ್ಟು ಪುಡಿಯೂ ಒಂದೇ ಕೋನದಲ್ಲಿ ನಿಲ್ಲುತ್ತವೆ. ಭಾಗಾಕಾರವನ್ನು ಪ್ರಕೃತಿಯೇ ಮಾಡಿಕೊಟ್ಟಂತಾಯಿತು.

ಆ ರಾಶಿ ಅಲುಗದಿರಲೆಂದು ನೀರು ಬೆರೆಸಿದ ಬಿಳಿ ಗೋಂದನ್ನು ತೊಟ್ಟಿಕ್ಕುವಾಗ ನೀರಿನ ಹಟ ಮತ್ತೊಮ್ಮೆ ಪ್ರಕಟವಾಗುತ್ತದೆ. ಹನಿಯು ಇದ್ದಲಿನ ಧೂಳಿನೊಳಕ್ಕೆ ಇಳಿಯದೆ, ಮೈತುಂಬ ಕರಿಯ ಪುಡಿಯನ್ನು ಮೆತ್ತಿಕೊಂಡು, ದುಂಡಗೆ ಉರುಳಿ ಅಂಚಿಗೆ ಹೋಗಿ ನಿಲ್ಲುತ್ತದೆ. ಗೋಂದಿಗೆ ಒಂದೇ ಒಂದು ತೊಟ್ಟು ಸಾಬೂನಿನ ನೀರನ್ನು ಕೂಡಿಸಿದರೆ ಮೇಲ್ಮೈ ಎಳೆತ ಸಡಿಲವಾಗಿ, ಹನಿಯು ಮುಟ್ಟಿದ ಕ್ಷಣದಲ್ಲಿಯೇ ಇಂಗಿಹೋಗುತ್ತದೆ.

ತೂಕದ ಲೆಕ್ಕ ಇನ್ನೊಂದು ಬಗೆಯದು. ಉದ್ದ 87 ಪಟ್ಟು ಕುಗ್ಗಿದಾಗ ತೂಕವು 87ರ ಘನದಷ್ಟು, ಅಂದರೆ ಆರೂವರೆ ಲಕ್ಷ ಪಟ್ಟಿಗಿಂತ ಹೆಚ್ಚಾಗಿ ಕುಗ್ಗಬೇಕು. ಹಾಗೆ ಭಾಗಿಸಿದರೆ ತುಂಬಿದ ವ್ಯಾಗನ್ನು 123 ಗ್ರಾಂ, ಬರಿಯ ವ್ಯಾಗನ್ನು 34 ಗ್ರಾಂ. ಅಮೆರಿಕೆಯ ಕಿರುರೈಲುಗಾರರ ಸಂಘವು ಈ ಉದ್ದದ ವ್ಯಾಗನ್ನಿಗೆ ಶಿಫಾರಸು ಮಾಡುವ ತೂಕ ಸುಮಾರು 97 ಗ್ರಾಂ. ತುಂಬಿದ್ದಕ್ಕೆ ಅದು ಸಮೀಪವೇ ಆದರೂ ಬರಿದಾದುದಕ್ಕೆ ಮೂರು ಪಟ್ಟು ಅಧಿಕ. ಈ ಅನ್ಯಾಯಕ್ಕೆ ಕಾರಣ ತಿರುವುಗಳು. ನಮ್ಮ ಬ್ರಾಡ್‌ಗೇಜಿನ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಪ್ರತಿಕೃತಿಯಲ್ಲಿ ಅದು ಎರಡು ಮೀಟರ್ ಆಗಬೇಕಾಗಿದ್ದರೂ ಕೋಣೆಯ ಅಳತೆಗೆ ತಲೆಬಾಗಿ ಅರ್ಧ ಮೀಟರಿನಲ್ಲಿ ತಿರುಗಿಸುವವರೇ ಹೆಚ್ಚು. ಎಂಜಿನ್ನು ಮುಂದಕ್ಕೆ ಜಗ್ಗುವಾಗ ಉದ್ದವಾದ ಸಾಲು ಬಿಗಿದ ಹಗ್ಗದಂತೆ ನೆಟ್ಟಗಾಗಲು ಹವಣಿಸುತ್ತದೆ. ತಿರುವಿನಲ್ಲಿರುವ ಹಗುರವಾದ ವ್ಯಾಗನ್ನುಗಳು ಒಳಮಗ್ಗುಲಿಗೆ ಎಳೆಯಲ್ಪಟ್ಟು ಮಗುಚಿ ಬೀಳುತ್ತವೆ.

ಇಳಿಜಾರಿನ ಪ್ರಮಾಣವಾದರೋ ಗಾತ್ರಕ್ಕೆ ಅಧೀನವಲ್ಲ. ಘಟ್ಟದಲ್ಲಿ 37ಕ್ಕೆ 1 ಆದರೆ ಮೇಜಿನ ಮೇಲೆಯೂ 37ಕ್ಕೆ 1. ಸಂಘದ ಶಿಫಾರಸಿನಂತೆ ಒಟ್ಟು ಐದೂಮುಕ್ಕಾಲು ಕಿಲೋಗ್ರಾಂ ತೂಗುವ 59 ವ್ಯಾಗನ್ನುಗಳ ಕಿರುರೇಕನ್ನು ಆ ಏರಿನಲ್ಲಿ ಎಳೆಯಲು, ಚಕ್ರಗಳ ಘರ್ಷಣೆಯನ್ನು ಬಿಟ್ಟರೂ, ಸುಮಾರು 155 ಗ್ರಾಂ ತೂಕಕ್ಕೆ ಸಮನಾದ ಎಳೆತ ಬೇಕು. ಅರ್ಧ ಕಿಲೋಗ್ರಾಂ ತೂಕದ ಎಂಜಿನ್ನು ತನ್ನ ಭಾರದ ಐದನೆಯ ಒಂದಂಶದಷ್ಟನ್ನು ಎಳೆದೀತೆಂದು ಹಿಡಿದರೆ ಅದರ ಶಕ್ತಿ 100 ಗ್ರಾಮಿನಲ್ಲಿಯೇ ಮುಗಿದು, ಚಕ್ರಗಳು ನಿಂತಲ್ಲಿಯೇ ಗಿರ್ರನೆ ತಿರುಗುತ್ತವೆ. ಆಗ ಹಿಂದಿನಿಂದ ಬ್ಯಾಂಕರನ್ನು ಹಚ್ಚಲೇಬೇಕು. ಅಲಂಕಾರಕ್ಕಾಗಿ ಹಚ್ಚಿದ್ದಲ್ಲ, ಅವಶ್ಯಕತೆಯಿಂದ ಹಚ್ಚಿದ್ದು. ಕುಳೆಯ ರೈಲ್ವೆಯವರು ಯಾವ ಕಾರಣಕ್ಕಾಗಿ ಹಚ್ಚುವರೋ ಅದೇ ಕಾರಣಕ್ಕಾಗಿ. ಆಟದಲ್ಲಿ ಸತ್ಯವು ಹೀಗೆ ತಾನಾಗಿಯೇ ಪ್ರವೇಶಿಸುವ ಈ ಘಳಿಗೆಗಾಗಿಯೇ ಕೋಣೆಯೊಂದನ್ನು ಹಳಿಗಳಿಗೆ ಬಿಟ್ಟುಕೊಡಬಹುದೆಂದು ನನಗೆ ಅನಿಸುತ್ತದೆ.

ಕಲ್ಲಿದ್ದಲಿನ ಗಾಡಿಗೆ ಇನ್ನೊಂದು ಗುಣವುಂಟು: ಅದರ ಓಡಾಟಕ್ಕೆ ಅರ್ಥವಿದೆ. ತುಂಬಿ ಹೋಗುವುದು, ಬರಿದಾಗಿ ಮರಳುವುದು. ಅಮೆರಿಕೆಯ ಓಹಿಯೋದಲ್ಲಿ ಅಲೆನ್ ಮೆಕ್‌ಕ್ಲೆಲಂಡ್ ಎಂಬವರು ಕಟ್ಟಿದ ‘ವರ್ಜಿನಿಯನ್ ಅಂಡ್ ಓಹಿಯೋ’ ಎಂಬ ಕಾಲ್ಪನಿಕ ರೈಲುಮಾರ್ಗವು ಅಪಲೇಶಿಯನ್ ಬೆಟ್ಟಗಳ ಇದ್ದಲಿನ ಸಾಗಣೆಯನ್ನೇ ಆಧರಿಸಿ ಪ್ರಸಿದ್ಧವಾಯಿತು. ಆದರೆ ಗೋಂದಿನಿಂದ ಕೂರಿಸಿದ ಹೇರನ್ನು ಪ್ರತಿ ಸಲವೂ ಇಳಿಸುವುದು ಹೇಗೆ? ಅದಕ್ಕೆ ಹವ್ಯಾಸಿಗಳು ಬಳಸುವ ಉಪಾಯ ಬಹಳ ಸೊಗಸಾದುದು. ಮೇಜಿನ ನಡುವೆ ಎತ್ತರದ ಗುಡ್ಡವೊಂದನ್ನು ನಿಲ್ಲಿಸಿ, ಒಂದು ಪಕ್ಕದಲ್ಲಿ ಮುರಗಾಂವದ ಧಕ್ಕೆಯನ್ನೂ ಇನ್ನೊಂದು ಪಕ್ಕದಲ್ಲಿ ತೋರಣಗಲ್ಲಿನ ಕಾರ್ಖಾನೆಯನ್ನೂ ಕಟ್ಟಿ, ಎರಡನ್ನೂ ಗುಡ್ಡದೊಳಗಿನಿಂದ ಹಾದುಹೋಗುವ ಎರಡು ಗುಪ್ತ ಹಳಿಗಳಿಂದ ಜೋಡಿಸುತ್ತಾರೆ. ಕಾರ್ಖಾನೆಯ ಕಡೆಯಿಂದ ಒಳಹೊಕ್ಕ ತುಂಬಿದ ವ್ಯಾಗನ್ನುಗಳು ಒಂದು ಹಳಿಯ ಮೇಲೆ ಸಾಗಿ ಧಕ್ಕೆಯ ಕಡೆ, ಆಗತಾನೆ ಹೇರಿಕೊಂಡಂತೆ, ಹೊರಬರುತ್ತವೆ. ಧಕ್ಕೆಯ ಕಡೆಯಿಂದ ಹೊಕ್ಕ ಬರಿಯ ವ್ಯಾಗನ್ನುಗಳು ಇನ್ನೊಂದು ಹಳಿಯ ಮೇಲೆ ಸಾಗಿ ಕಾರ್ಖಾನೆಯ ಕಡೆ, ಸುರಿದು ಮುಗಿಸಿದಂತೆ, ಹೊರಡುತ್ತವೆ. ಗುಡ್ಡದಾಚೆಗೆ ನಿಂತವರಿಗೆ ಬಂದರು ಕಾಣದು, ಈಚೆಗೆ ನಿಂತವರಿಗೆ ಕಾರ್ಖಾನೆ ಕಾಣದು. ಹೀಗಾಗಿ ಈ ಉಪಾಯಕ್ಕೆ ಬೇಕಾದುದು ಎರಡು ರೇಕುಗಳು, ಕುಲುಮೆಯ ಹೊಗೆಗೊಳವೆಗಿಂತ ತುಸು ಎತ್ತರವಾದ ಆ ಗುಡ್ಡ, ಮತ್ತು ಎರಡು ಪಕ್ಕಗಳಲ್ಲಿ ಒಬ್ಬೊಬ್ಬರಂತೆ ನಿಲ್ಲಲು ಒಪ್ಪುವ ಇಬ್ಬರು ಗೆಳೆಯರು.