ವೃದ್ಧಾಶ್ರಮದಲ್ಲಿ ಅರಿವಿನ ಅಭ್ಯಾಸ

ಮಕ್ಕಳು ಉದ್ಯೋಗನಿಮಿತ್ತ ಬೆಂಗಳೂರು, ಪುಣೆ, ಅಮೆರಿಕೆಗಳಲ್ಲಿ ನೆಲೆಸುವುದು, ಊರಲ್ಲುಳಿದ ಹಿರಿಯರು ವೃದ್ಧಾಶ್ರಮ ಸೇರುವುದು ಈಗ ನಮ್ಮ ಮನೆತನಗಳಲ್ಲಿಯೂ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಇದರ ತಪ್ಪು-ಒಪ್ಪುಗಳನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ಹೊತ್ತಿಗೆ ಸರಿಯಾಗಿ ಊಟ, ಔಷಧ, ಶುಭ್ರವಾದ ಹಾಸಿಗೆ ದೊರೆತರೆ ಹಿರಿಯರ ಯೋಗಕ್ಷೇಮ ನಡೆಯಿತೆಂದು ನಾವು ಸಮಾಧಾನ ತಾಳುತ್ತೇವೆ. ಆದರೆ ದಿನವಿಡೀ ಅವರ ಮನಸ್ಸು ಎಲ್ಲಿರುತ್ತದೆ ಎಂಬುದನ್ನು ವಿಚಾರಿಸುವವರು ವಿರಳ.

ಕೆಲವು ತಿಂಗಳ ಹಿಂದೆ ನಮಗೆ ಬೇಕಾದ ಹಿರಿಯ ತಾಯಿಯೊಬ್ಬರನ್ನು ಕಾಣಲು ಇಂತಹ ಒಂದು ಆಶ್ರಮಕ್ಕೆ ಹೋಗಿದ್ದೆವು. ಎಂಬತ್ತು ದಾಟಿದ ಜೀವ. ಮನೆಯಲ್ಲಿದ್ದಾಗ ಒಂದು ದಿನವೂ ಲಿಂಗಪೂಜೆ ತಪ್ಪಿಸಿದವರಲ್ಲ. "ಪೂಜೆ ಹೇಗೆ ನಡೆದಿದೆ, ಅವ್ವಾ?" ಎಂದು ಕೇಳಿದೆವು.

"ಏನು ಪೂಜಿನೋ ತಮ್ಮಾ, ಕೈ ನಡಗತಾವ. ದೃಷ್ಟಿ ನಿಲ್ಲೂದರಾಗ ನಾಷ್ಟಾದ ಗಂಟಿ ಬಾರಿಸ್ತಾರ" ಎಂದರು.

ಆಶ್ರಮದವರು ಕೆಟ್ಟವರಲ್ಲ; ಎಲ್ಲರಿಗೂ ಒಂದೇ ವೇಳಾಪಟ್ಟಿ ಅವರಿಗೆ ಅನಿವಾರ್ಯ. ಆದರೆ ತನ್ನ ದಿನದ ಒಂದು ಗಳಿಗೆಯೂ ತನ್ನ ಕೈಯಲ್ಲಿಲ್ಲವೆಂಬ ಕೊರಗು ಆ ತಾಯಿಯನ್ನು ಕೈನಡುಕಕ್ಕಿಂತ ಹೆಚ್ಚಾಗಿ ಬಾಧಿಸುತ್ತಿತ್ತು.

ಇಂತಹ ಕೊರಗನ್ನೇ ಕುರಿತು ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರಾಡಿನ್ ಎಂಬ ಮನೋವಿಜ್ಞಾನಿಗಳು ಅಮೆರಿಕೆಯ ಕನೆಕ್ಟಿಕಟ್ ರಾಜ್ಯದ ಆರ್ಡನ್ ಹೌಸ್ ಎಂಬ ವೃದ್ಧರ ಶುಶ್ರೂಷಾಲಯದಲ್ಲಿ ನಡೆಸಿದ ಪ್ರಯೋಗವು 1976ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾಗವಹಿಸಿದವರು 91 ಮಂದಿ. ಒಂದು ಅಂತಸ್ತಿನ 47 ಜನರಿಗೆ, ಕೋಣೆಯ ವ್ಯವಸ್ಥೆ ಹೇಗಿರಬೇಕೆಂಬುದನ್ನು ನೀವೇ ನಿಶ್ಚಯಿಸಿರಿ ಎಂದು ತಿಳಿಸಲಾಯಿತು. ಕುಂಡದಲ್ಲಿನ ಒಂದು ಸಸಿಯನ್ನು ತಾವೇ ಆರಿಸಿಕೊಂಡು ನೀರೆರೆಯಲು ಕೊಟ್ಟರು. ಚಲನಚಿತ್ರ ನೋಡುವ ದಿನವನ್ನೂ ಅವರ ಇಚ್ಛೆಗೇ ಬಿಟ್ಟರು. ಇನ್ನೊಂದು ಅಂತಸ್ತಿನ 44 ಜನರಿಗೂ ಸಸಿ ಸಿಕ್ಕಿತು, ಚಲನಚಿತ್ರವೂ ಸಿಕ್ಕಿತು; ಆದರೆ ನೀರೆರೆಯುವವರು ದಾದಿಯರು, ದಿನ ಗೊತ್ತುಮಾಡುವವರು ಸಿಬ್ಬಂದಿ. ಮೂರು ವಾರಗಳಲ್ಲಿಯೇ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಸಂತೋಷದಿಂದಿರುವುದು ಕಂಡುಬಂದಿತು. ಹದಿನೆಂಟು ತಿಂಗಳ ಬಳಿಕ ನೋಡಿದಾಗ ಮೊದಲ ಗುಂಪಿನ 7 ಜನ, ಎರಡನೆಯ ಗುಂಪಿನ 13 ಜನ ತೀರಿಕೊಂಡಿದ್ದರು. ಈ ಮರಣಗಳ ಲೆಕ್ಕ ತಾವು ಮೊದಲು ಹೇಳಿದಷ್ಟು ಖಚಿತವಲ್ಲವೆಂದು ಸಂಶೋಧಕಿಯರೇ 1978ರಲ್ಲಿ ತಿದ್ದುಪಡಿ ಪ್ರಕಟಿಸಿದರು. ಆದುದರಿಂದ ಆಯುಷ್ಯ ಹೆಚ್ಚಿತೆಂದು ನಾವು ಸಾರಬೇಕಾಗಿಲ್ಲ. ಮಾಡಲು ತನ್ನದೆಂಬ ಒಂದು ಕೆಲಸವಿದ್ದಾಗ ಮನಸ್ಸು ಎಚ್ಚರಗೊಳ್ಳುತ್ತದೆ ಎಂಬುದನ್ನು ತಿಳಿದರೆ ಸಾಕು. ಲ್ಯಾಂಗರ್ ಅವರು ಮುಂದೆ ಈ ಎಚ್ಚರಕ್ಕೆ 'ಮೈಂಡ್‌ಫುಲ್‌ನೆಸ್' ಎಂಬ ಹೆಸರಿಟ್ಟು, ಅದೇ ಹೆಸರಿನ ಗ್ರಂಥವನ್ನು 1989ರಲ್ಲಿ ಹೊರತಂದರು.

ಇದೇ ಹೆಸರಿನ ಇನ್ನೊಂದು ಮಾರ್ಗವು ಧ್ಯಾನದ್ದು. 1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಇದನ್ನು ಆರಂಭಿಸಿದರು. ಬೌದ್ಧಧ್ಯಾನ ಮತ್ತು ಹಠಯೋಗಗಳಿಂದ ಆಯ್ದುಕೊಂಡ ಎಂಟು ವಾರಗಳ ಶಿಕ್ಷಣವದು. ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು, ಒಳ್ಳೆಯದು ಕೆಟ್ಟದ್ದೆಂದು ತೀರ್ಪು ಕೊಡದೆ, ಗಮನವಿಟ್ಟು ಕಾಣುವುದೇ ಅದರ ಸಾರ. ಇಂತಹ ಅಭ್ಯಾಸವು ಹಿರಿಯರ ಒಂಟಿತನದ ಭಾವನೆಯನ್ನು ತಗ್ಗಿಸಿತೆಂದು, 40 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ತಿಳಿಸಿತು. ನ್ಯೂಯಾರ್ಕಿನ ಸಮಾಜಕಾರ್ಯಕರ್ತೆ ಲೂಸಿಯಾ ಮೆಕ್‌ಬೀ ಅವರು ಇದನ್ನೇ ಗಾಲಿಕುರ್ಚಿಯಲ್ಲಿರುವವರಿಗೂ ಹಾಸಿಗೆ ಹಿಡಿದವರಿಗೂ ಹೊಂದುವಂತೆ ಮಾರ್ಪಡಿಸಿ, ಆ ಅನುಭವವನ್ನು 2008ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಹಿರಿಯರಿಗಷ್ಟೇ ಅಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಈ ಅಭ್ಯಾಸ ಬೇಕೆಂಬುದು ಅವರ ನಿಲುವು.

ನಮ್ಮ ಮನೆಗಳಿಗೆ ಇದು ತೀರ ಹೊಸದೆನಿಸಲಾರದು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನೆಟ್ಟು ಕುಳಿತವರಿಗೆ, ಹೊರಗೆ ಅಲೆಯುವ ಚಿತ್ತವನ್ನು ಮೆಲ್ಲನೆ ಮರಳಿ ತರುವುದೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಇವೆರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಪೂಜೆಯ ಗುರಿ ಬೇರೆ, ಅದರ ಭಕ್ತಿ ಬೇರೆ. ಆದರೆ ಬಾಲ್ಯದಿಂದ ರೂಢಿಯಾದ ಏಕಾಗ್ರತೆಯು ವೃದ್ಧಾಶ್ರಮಕ್ಕೂ ಜೊತೆಯಾಗಿ ಬಂದಿರುತ್ತದೆ. ಅದಕ್ಕೆ ಕೊಂಚ ಅವಕಾಶ ಬೇಕು, ಅಷ್ಟೆ.

ಅಭ್ಯಾಸ ಸರಳವಾದುದು. ಕುರ್ಚಿಯಲ್ಲಿ ಬೆನ್ನಿಗೆ ಆಧಾರವಿಟ್ಟು, ಪಾದಗಳನ್ನು ನೆಲಕ್ಕೂರಿ ಕುಳಿತುಕೊಳ್ಳಬೇಕು. ಆಗದವರು ಮಲಗಿಯೇ ಮಾಡಬಹುದು. ಉಸಿರನ್ನು ಬಿಗಿಹಿಡಿಯದೆ, ಅದು ಬಂದು ಹೋಗುವುದನ್ನು ಐದು ನಿಮಿಷ ಗಮನಿಸಿದರೆ ಸಾಕು. ಮನಸ್ಸು ಮಗನ ಮನೆಗೋ ಮಾರಿದ ಹೊಲಕ್ಕೋ ಓಡಿದರೆ ಬೇಸರಪಡದೆ ಮತ್ತೆ ಉಸಿರಿಗೆ ಕರೆತರಬೇಕು. ಊಟದ ಮೊದಲ ತುತ್ತನ್ನು ರುಚಿ ತಿಳಿದು ನಿಧಾನವಾಗಿ ಅಗಿಯುವುದು, ಅಂಗಳದ ಗಿಡದಲ್ಲಿ ನಿನ್ನೆ ಕಾಣದ ಚಿಗುರನ್ನು ಹುಡುಕುವುದು, ಇವೂ ಅಭ್ಯಾಸಗಳೇ. ನೆನಪಿನ ಶಕ್ತಿ ಕುಂದಿದವರಿಗೆ ವಿವರಣೆ ಹಿಡಿಸದು; ಅವರ ಕೈಹಿಡಿದು ಕೂಡುವುದು, ಮಲ್ಲಿಗೆಯ ಪರಿಮಳ, ಪರಿಚಿತ ಹಾಡು ಇವು ಹೆಚ್ಚು ಉಪಯುಕ್ತ. ಕಿವಿ ಮಂದವಾದವರ ಹತ್ತಿರ ಕುಳಿತು ಸ್ಪಷ್ಟವಾಗಿ ಹೇಳಬೇಕು.

ಎಚ್ಚರಿಕೆಯ ಮಾತೂ ಅವಶ್ಯ. ಇದು ಔಷಧಕ್ಕೆ ಬದಲಿಯಲ್ಲ. ಒಲ್ಲೆನೆಂದವರನ್ನು ಒತ್ತಾಯಿಸಲಾಗದು. ಕಣ್ಣು ಮುಚ್ಚಿದರೆ ತಲೆ ಸುತ್ತುವವರು, ಭಯಗೊಳ್ಳುವವರು ಕಣ್ಣು ತೆರೆದೇ ಇರಲಿ. ತೀವ್ರವಾದ ಖಿನ್ನತೆಯಿದ್ದವರನ್ನು ಮೊದಲು ವೈದ್ಯರಿಗೆ ತೋರಿಸಬೇಕು.

ಮಕ್ಕಳು, ಸೊಸೆಯಂದಿರು ಮಾಡಬಹುದಾದುದೂ ಇದೆ. ಭೇಟಿಗೆ ಹೋದಾಗ ಹಣ್ಣು, ಬಿಸ್ಕತ್ತುಗಳೊಡನೆ ಒಂದು ಪ್ರಶ್ನೆಯನ್ನೂ ಒಯ್ಯಿರಿ: "ದಿನದಲ್ಲಿ ಯಾವ ಹೊತ್ತು ನಿಮ್ಮದಾಗಿರಬೇಕು?" ಉತ್ತರ ಸಣ್ಣದಿರುತ್ತದೆ. ಕಿಟಕಿಯ ಪಕ್ಕದ ಮಂಚ, ಒಂದು ತುಳಸಿ ಕುಂಡ, ಅರ್ಧ ತಾಸಿನ ನಿಶ್ಶಬ್ದ. ಅದನ್ನು ವ್ಯವಸ್ಥಾಪಕರೊಡನೆ ವಿನಯದಿಂದ ಮಾತನಾಡಿ ದೊರಕಿಸಿಕೊಡಿರಿ. ಬಳಿಕ ಹತ್ತು ನಿಮಿಷ ಮೊಬೈಲನ್ನು ಬದಿಗಿಟ್ಟು ಅವರ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿರಿ.

ನಾವೂ ಅಂದು ಆ ತಾಯಿಗಾಗಿ ಕೇಳಿದೆವು. ಅವರ ಉಪಾಹಾರವನ್ನು ಅರ್ಧ ತಾಸು ತಡವಾಗಿ ಕೊಡಲು ಆಶ್ರಮದವರು ಒಪ್ಪಿದರು. ಮೊಣಕೈಗೆ ಆಸರೆಯಾಗಿ ಒಂದು ಸಣ್ಣ ದಿಂಬನ್ನೂ ಒದಗಿಸಿದರು. ಮತ್ತೊಮ್ಮೆ ಹೋದಾಗ ಹಣೆಯ ತುಂಬ ವಿಭೂತಿಯಿತ್ತು. "ಕೈ ಇನ್ನೂ ನಡಗತಾವ ತಮ್ಮಾ, ನಡಗವಲ್ಲವ್ಯಾಕ. ಈಗ ಗಡಿಬಿಡಿ ಇಲ್ಲ" ಎಂದರು.

ಇಷ್ಟನ್ನು ಕೇಳಿ ಕೊಡಿಸಲು ನಮಗೆ ಹಣ ಬೇಕಾಗಲಿಲ್ಲ. ಕೇಳಬೇಕೆಂಬುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಓದುಗರ ಮನೆಯ ಹಿರಿಯರು ಎಲ್ಲಿಯೇ ಇರಲಿ, ಈ ತಿಂಗಳು ಅವರನ್ನೊಮ್ಮೆ ಕೇಳಿ ನೋಡಿರಿ.